ತಕ್ಕಡಿಗೆ ಸಿಗದ ಹೊಟ್ಟೆ

ಒಂದು ತಲೆಗೂದಲನ್ನು ಉದ್ದುದ್ದಕ್ಕೆ ಹತ್ತು ಎಳೆಯಾಗಿ ಸೀಳಲು ಸಾಧ್ಯವಾದರೆ, ಅದರಲ್ಲಿ ಒಂದೆಳೆ ಎಷ್ಟು ದಪ್ಪ ಇದ್ದೀತು? ಹೆಚ್ಚುಕಮ್ಮಿ ಮಿಲಿಮೀಟರಿನ ಸಾವಿರದಲ್ಲಿ ಏಳು ಪಾಲು. ಈ ಶತಮಾನದ ಮೊದಲ ಹನ್ನೆರಡು ವರ್ಷಗಳಲ್ಲಿ ಸರಾಸರಿ ಅಮೆರಿಕನ್ನನ ಸೊಂಟದ ಸುತ್ತಳತೆ ದಿನಕ್ಕೆ ಹಿಗ್ಗಿದ್ದು ಇಷ್ಟೇ. ಕನ್ನಡಿಗೆ ಕಾಣುವುದಿಲ್ಲ, ಪ್ಯಾಂಟಿಗೆ ತಿಳಿಯುವುದಿಲ್ಲ, ಕಟ್ಟಿಕೊಂಡವರಿಗೂ ಗೊತ್ತಾಗುವುದಿಲ್ಲ. ಹತ್ತು ದಿನ ಕಳೆದರೆ ಒಂದು ಕೂದಲಿನಷ್ಟು, ವರ್ಷ ಕಳೆದರೆ ಎರಡೂವರೆ ಮಿಲಿಮೀಟರ್. 1999-2000ರಲ್ಲಿ 95.5 ಸೆಂಟಿಮೀಟರ್ ಇದ್ದ ಸರಾಸರಿ, 2011-12ಕ್ಕೆ ಬರುವಷ್ಟರಲ್ಲಿ 98.5 ಸೆಂಟಿಮೀಟರ್ ಆಗಿತ್ತು.

ಇದು ಯಾರದೋ ಅಂದಾಜಿನ ಲೆಕ್ಕವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯವರು ದೊಡ್ಡ ಟ್ರೇಲರುಗಳಲ್ಲಿ ಇಡೀ ತಪಾಸಣಾ ಕೇಂದ್ರವನ್ನೇ ಹೊತ್ತುಕೊಂಡು ಊರೂರು ತಿರುಗುತ್ತಾರೆ. ವರ್ಷಕ್ಕೆ ಸುಮಾರು ಐದು ಸಾವಿರ ಜನರನ್ನು ಒಳಗೆ ಕರೆದು ರಕ್ತ ತೆಗೆದು, ತೂಕ ನೋಡಿ, ಸೊಂಟಕ್ಕೆ ಟೇಪು ಸುತ್ತಿ ಕಳಿಸುತ್ತಾರೆ. ಹೀಗೆ ಸಿಕ್ಕ 32,816 ವಯಸ್ಕರ ಅಳತೆಗಳನ್ನು ಜೋಡಿಸಿ ನೋಡಿದಾಗ ಬಂದ ಅಂಕಿ ಇದು. 2014ರಲ್ಲಿ ಪ್ರಕಟವಾಯಿತು.

ಮೂರು ಸೆಂಟಿಮೀಟರ್ ಎಂದರೆ ಬೆಲ್ಟಿನಲ್ಲಿ ಒಂದು ತೂತು. ಅಷ್ಟಕ್ಕೇ ಇಷ್ಟೊಂದು ಗಲಾಟೆಯೇ ಎನ್ನಿಸಬಹುದು. ಆದರೆ ಆ ತೂತನ್ನು ಇಡೀ ದೇಶ ಒಟ್ಟಿಗೆ ಹಿಂದಕ್ಕೆ ಸರಿಸಿಕೊಂಡಿದೆ ಎಂಬುದನ್ನು ಸ್ವಲ್ಪ ಯೋಚಿಸಿ. ಆಗ ಅಮೆರಿಕದಲ್ಲಿ ಇಪ್ಪತ್ತು ದಾಟಿದವರು ಸುಮಾರು 23 ಕೋಟಿ. ತಲೆಗೆ ಮೂರು ಸೆಂಟಿಮೀಟರಿನಂತೆ ಹೊಸದಾಗಿ ಬೇಕಾದ ಬೆಲ್ಟಿನ ಉದ್ದ 6,900 ಕಿಲೋಮೀಟರ್. ನಮ್ಮ ದೇಶದ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 3,214 ಕಿಲೋಮೀಟರ್. ಹೋಗಿ ಬಂದರೂ ಬೆಲ್ಟು ಮಿಗುತ್ತದೆ. ಇದು ಹೆಚ್ಚಾದ ಭಾಗದ ಲೆಕ್ಕ ಮಾತ್ರ. ಇಡೀ ಬೆಲ್ಟುಗಳನ್ನೇ ಒಂದಕ್ಕೊಂದು ಗಂಟು ಹಾಕಿದರೆ ಎರಡು ಲಕ್ಷದ 26 ಸಾವಿರ ಕಿಲೋಮೀಟರ್ ದಾಟಿ, ಭೂಮಧ್ಯರೇಖೆಯನ್ನು ಐದೂವರೆ ಸುತ್ತು ಸುತ್ತುತ್ತದೆ.

ಸುತ್ತಳತೆ ಕಣ್ಣಿಗೆ ಮೋಸ ಮಾಡುತ್ತದೆ, ಅದನ್ನು ಗಾತ್ರಕ್ಕೆ ಇಳಿಸಿ ನೋಡಬೇಕು. ಹೊಟ್ಟೆಯನ್ನು ಒಂದು ದುಂಡನೆಯ ಕೊಳವೆ ಎಂದುಕೊಂಡು, ಎದೆಗೂಡಿನ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಇಪ್ಪತ್ತೈದು ಸೆಂಟಿಮೀಟರ್ ಎತ್ತರ ಹಿಡಿದರೆ, ಸುತ್ತಳತೆಯ ಆ ಮೂರು ಸೆಂಟಿಮೀಟರ್ ಒಳಗೆ ಒಂದು ಲೀಟರಿಗಿಂತ ಹೆಚ್ಚು ಜಾಗ ಮಾಡಿಕೊಡುತ್ತದೆ. ಹೈಸ್ಕೂಲಿನ ಜ್ಯಾಮಿತಿ ಬಂದರೆ ಸಾಕು, ಯಾರು ಬೇಕಾದರೂ ಹಾಕಬಹುದಾದ ಲೆಕ್ಕ. ತಲೆಗೆ ಒಂದೇ ಲೀಟರ್ ಎಂದು ಬಿಗಿ ಹಿಡಿದರೂ 23 ಕೋಟಿ ಲೀಟರ್. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ನೀರು ತರುವ ಹನ್ನೆರಡು ಸಾವಿರ ಲೀಟರಿನ ಟ್ಯಾಂಕರುಗಳಿಗೆ ತುಂಬಿಸಿದರೆ ಸುಮಾರು 19 ಸಾವಿರ ಟ್ಯಾಂಕರು ಬೇಕು. ಅವುಗಳನ್ನು ಒಂದರ ಬೆನ್ನಿಗೊಂದು ನಿಲ್ಲಿಸಿದರೆ ಮೆಜೆಸ್ಟಿಕ್ಕಿನಿಂದ ಮೈಸೂರಿನವರೆಗೆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹನ್ನೆರಡು ವರ್ಷದಲ್ಲಿ, ಒಂದು ದೇಶ, ಯಾರ ಗಮನಕ್ಕೂ ಬಾರದಂತೆ ಇಷ್ಟನ್ನು ಮೈಮೇಲೆ ಹಾಕಿಕೊಂಡಿತು.

ಇನ್ನೂ ಹಿಂದೆ ಹೋದರೆ ಅಂಕಿಗಳು ನಂಬಲು ಕಷ್ಟವಾಗುವಷ್ಟು ಕೆಳಗಿವೆ. ಗಂಡಸರಿಗೆ 102 ಸೆಂಟಿಮೀಟರ್, ಹೆಂಗಸರಿಗೆ 88 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎನ್ನುವುದು ಅಮೆರಿಕದ ಗೆರೆ. 1960-62ರಲ್ಲಿ ಈ ಗೆರೆ ದಾಟಿದ ಗಂಡಸರು ನೂರಕ್ಕೆ ಹದಿಮೂರು, ಹೆಂಗಸರು ನೂರಕ್ಕೆ ಹತ್ತೊಂಬತ್ತು. 1999-2000ಕ್ಕೆ ಅದು 38 ಮತ್ತು 60. ಗಂಡಸರು ಹೆಂಗಸರು ಸೇರಿ 2011-12ರಲ್ಲಿ ಶೇ. 54.2. ನೂರಕ್ಕೆ ಐವತ್ತು ದಾಟಿದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಹೊಟ್ಟೆ ಇರುವವರೇ ಬಹುಮತದವರಾಗುತ್ತಾರೆ, ಇಲ್ಲದವರು ಎದ್ದು ಕಾಣತೊಡಗುತ್ತಾರೆ.

ಬ್ರಿಟನ್ನಿನಲ್ಲಿ ಉಡುಪು ಹೊಲಿಯುವವರ ಅನುಕೂಲಕ್ಕೆಂದು 1951ರಲ್ಲಿ ಹೆಂಗಸರ ಅಳತೆ ತೆಗೆದಿದ್ದರು. ಆಗ ಅಲ್ಲಿ ಯುದ್ಧ ಮುಗಿದು ಆರು ವರ್ಷವಾಗಿದ್ದರೂ ಸಕ್ಕರೆ, ಮಾಂಸ ಇನ್ನೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಸರಾಸರಿ ಸೊಂಟ ಸುಮಾರು ಇಪ್ಪತ್ತೇಳೂವರೆ ಇಂಚು. ಐವತ್ತು ವರ್ಷದ ನಂತರ, ಈ ಸಲ ಟೇಪು ಬಿಟ್ಟು ದೇಹವನ್ನೇ ಸ್ಕ್ಯಾನ್ ಮಾಡುವ ಯಂತ್ರದಲ್ಲಿ ಹನ್ನೊಂದು ಸಾವಿರ ಜನರನ್ನು ನಿಲ್ಲಿಸಿ ನೋಡಿದರೆ, ಹೆಂಗಸರ ಸರಾಸರಿ ಸುಮಾರು ಮೂವತ್ತನಾಲ್ಕು ಇಂಚು. ಅಜ್ಜಿಯ ಲಂಗ ಮೊಮ್ಮಗಳಿಗೆ ಆರೂವರೆ ಇಂಚು ಸಾಲದು.

ಸರ್ಕಾರಗಳು ಇದನ್ನು ಗಮನಿಸಿದ್ದು ಆಸ್ಪತ್ರೆಗಳಿಗಿಂತ ಹೆಚ್ಚಾಗಿ ದೋಣಿಗಳಲ್ಲಿ. 2005ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬಲ್ಲಿ ‘ಈಥನ್ ಆಲನ್’ ಎಂಬ ಪ್ರವಾಸಿ ದೋಣಿ ಮಗುಚಿ ಇಪ್ಪತ್ತು ಮಂದಿ ಸತ್ತರು. ದೋಣಿಗೆ 48 ಜನರ ಪರವಾನಗಿ ಇತ್ತು, ಇದ್ದದ್ದು ಅದರೊಳಗೇ. ಆದರೆ ಆ 48 ಎಂಬ ಸಂಖ್ಯೆ ಬಂದಿದ್ದು ಒಬ್ಬರಿಗೆ 140 ಪೌಂಡ್, ಎಂದರೆ 63-64 ಕಿಲೋ, ಎಂಬ ಹಳೆಯ ಲೆಕ್ಕದಿಂದ. ದೋಣಿಯ ಮೇಲ್ಛಾವಣಿ ಬದಲಿಸಿದ್ದೂ ತಪ್ಪಾಗಿತ್ತು, ಜನರ ತೂಕದ ಲೆಕ್ಕವೂ ತಪ್ಪಾಗಿತ್ತು. 2011ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ತಾನು ಹಿಡಿಯುತ್ತಿದ್ದ ಸರಾಸರಿ ತೂಕವನ್ನು 160 ಪೌಂಡಿನಿಂದ 185ಕ್ಕೆ ಏರಿಸಿತು. ದೋಣಿ ಅದೇ, ಕೆರೆ ಅದೇ, ಹತ್ತುವವರ ಸಂಖ್ಯೆ ಮಾತ್ರ ಕಡಿಮೆ.

ಇದು ತೂಕದ ಮಾತಾಯಿತು. ಅಸಲಿ ಸೋಜಿಗ ಇರುವುದು ಇದರ ಆಚೆಗೆ. 2003-04ರಿಂದ 2011-12ರವರೆಗಿನ ಅಮೆರಿಕದ ಅಂಕಿಗಳಲ್ಲಿ, ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕುವ ಬಿಎಂಐ ಪ್ರಕಾರ ಸ್ಥೂಲಕಾಯದ ಪ್ರಮಾಣ ಹೇಳಿಕೊಳ್ಳುವಷ್ಟು ಏರಲೇ ಇಲ್ಲ. ಸದ್ಯ ನಿಂತಿತಲ್ಲ ಎಂದು ಆರೋಗ್ಯ ಇಲಾಖೆಯವರು ನಿಟ್ಟುಸಿರು ಬಿಡುವಂತಿತ್ತು. ಅದೇ ಜನ, ಅದೇ ವರ್ಷಗಳು. ಟೇಪು ಮಾತ್ರ ಏರುತ್ತಲೇ ಇತ್ತು. ತಕ್ಕಡಿಯ ಮುಳ್ಳು ನಿಂತ ಜಾಗದಲ್ಲೇ ನಿಂತಿದ್ದಾಗ ಹೊಟ್ಟೆ ಮುಂದಕ್ಕೆ ಬರುತ್ತಿತ್ತು. ನಿದ್ದೆ ಕಡಿಮೆಯಾಗಿದ್ದು, ಒತ್ತಡದ ಹಾರ್ಮೋನು, ಕೆಲವು ಔಷಧಗಳು, ಹಾರ್ಮೋನುಗಳ ದಾರಿ ತಪ್ಪಿಸುವ ರಾಸಾಯನಿಕಗಳು ಎಂದು ಸಂಶೋಧಕರು ಹಲವು ಶಂಕಿತರ ಪಟ್ಟಿ ಕೊಟ್ಟಿದ್ದಾರೆ. ಯಾವುದರ ಮೇಲೂ ತಪ್ಪು ಸಾಬೀತಾಗಿಲ್ಲ. ವಯಸ್ಸಾದಂತೆ ಸ್ನಾಯು ಕರಗಿ ಆ ತೂಕದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ ಎಂಬುದಂತೂ ಎಲ್ಲರಿಗೂ ಗೊತ್ತಿರುವುದೇ. ಆಗ ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ.

ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ ಎಂದು ಮೊದಲು ಗಟ್ಟಿಯಾಗಿ ಹೇಳಿದವನು ಫ್ರಾನ್ಸಿನ ಮಾರ್ಸೆಯ ವೈದ್ಯ ಜಾಂ ವಾಗ್, 1947ರಲ್ಲಿ. ತೊಡೆ, ಪೃಷ್ಠಗಳಲ್ಲಿ ಕೊಬ್ಬು ತುಂಬಿಕೊಂಡವರಿಗಿಂತ ಮೈಯ ಮೇಲ್ಭಾಗದಲ್ಲಿ ತುಂಬಿಕೊಂಡವರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಜಾಸ್ತಿ ಎಂದು ಆತ ಬರೆದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ಎಂಬ ಊರಿನಲ್ಲಿ 1913ರಲ್ಲಿ ಹುಟ್ಟಿದ 792 ಗಂಡಸರನ್ನು ಅವರ ಐವತ್ತನಾಲ್ಕನೇ ವಯಸ್ಸಿನಲ್ಲಿ ಅಳತೆ ಮಾಡಿ, ಹದಿಮೂರು ವರ್ಷ ಬೆನ್ನುಹತ್ತಿ, ಯಾರಿಗೆ ಹೃದಯಾಘಾತವಾಯಿತು ಎಂದು ನೋಡಿದ ಅಧ್ಯಯನ 1984ರಲ್ಲಿ ಬಂದ ಮೇಲೆ ಲೋಕ ತಲೆಯಾಡಿಸಿತು. ಅಪಾಯವನ್ನು ಮುಂಚೆಯೇ ಹೇಳಿದ್ದು ಸೊಂಟ ಮತ್ತು ಪೃಷ್ಠದ ಅಳತೆಗಳ ಅನುಪಾತ, ತೂಕವಲ್ಲ. 2005ರಲ್ಲಿ 52 ದೇಶಗಳ 27 ಸಾವಿರ ಜನರ ಮೇಲೆ ಅದೇ ಮಾತು ಇನ್ನೊಮ್ಮೆ ರುಜುವಾತಾಯಿತು. ಆ ಅಧ್ಯಯನದ ಮುಂದಾಳು ಸಲೀಂ ಯೂಸುಫ್ ಡಾಕ್ಟರಿಕೆ ಕಲಿತದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ.

ಯೂರೋಪಿನ ಒಂಬತ್ತು ದೇಶಗಳ 3,59,387 ಜನರನ್ನು ಹಿಂಬಾಲಿಸಿದ ಅಧ್ಯಯನದ ಅಂಕಿ ಇದಕ್ಕಿಂತಲೂ ಎದೆ ನಡುಗಿಸುತ್ತದೆ. ಇಬ್ಬರು ಗಂಡಸರ ಬಿಎಂಐ ಒಂದೇ ಇದ್ದು, ಒಬ್ಬನ ಸೊಂಟ ಇನ್ನೊಬ್ಬನಿಗಿಂತ ಐದು ಸೆಂಟಿಮೀಟರ್ ಹೆಚ್ಚಿದ್ದರೆ, ಅವನಿಗೆ ಸಾವಿನ ಅಪಾಯ ಶೇ. 17 ಹೆಚ್ಚು. ಹೆಂಗಸರಲ್ಲಿ ಶೇ. 13. ಐದು ಸೆಂಟಿಮೀಟರ್ ಎಂದರೆ ಎರಡೇ ಇಂಚು. ನಮ್ಮೂರ ಟೈಲರುಗಳು ‘ಮುಂದಕ್ಕೆ ಬೇಕಾಗುತ್ತೆ ಸಾರ್’ ಎಂದು ಹೊಲಿಗೆಯ ಒಳಗೆ ಮಡಚಿ ಬಿಡುವ ಬಟ್ಟೆಯಷ್ಟು.

ಇನ್ನು ನಮ್ಮ ಕಡೆಗೆ ಬರೋಣ. ಅಮೆರಿಕದವರ ಹೊಟ್ಟೆ ನೋಡಿ ನಗುವುದಕ್ಕೆ ನಮಗೆ ಅಧಿಕಾರ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಹನ್ನೆರಡು ವರ್ಷ ಒಂದು ದೊಡ್ಡ ಅಧ್ಯಯನ ನಡೆಸಿತು. 2008ರಿಂದ 2020ರವರೆಗೆ ರಾಜ್ಯದಿಂದ ರಾಜ್ಯಕ್ಕೆ ಹೋಗಿ 1,13,043 ಜನರ ರಕ್ತ, ತೂಕ, ಸೊಂಟ ನೋಡಿದರು. ಆರ್.ಎಂ. ಅಂಜನಾ, ವಿ. ಮೋಹನ್ ಮತ್ತು ಸಂಗಡಿಗರು 2023ರಲ್ಲಿ ಹೊರತಂದ ಅಂಕಿಗಳಲ್ಲಿ ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕಿದ್ದು 10.1 ಕೋಟಿ ಎಂಬ ಸಕ್ಕರೆ ಕಾಯಿಲೆಯವರ ಸಂಖ್ಯೆಯನ್ನು. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇತ್ತು. ಹೊಟ್ಟೆಯ ಬೊಜ್ಜಿರುವ ಭಾರತೀಯರು 35.1 ಕೋಟಿ, ಎಂದರೆ ವಯಸ್ಕರಲ್ಲಿ ಶೇ. 39.5. ಇಡೀ ಅಮೆರಿಕದ ಜನಸಂಖ್ಯೆ, ಕೂಸು ಕುನ್ನಿಯೆಲ್ಲ ಸೇರಿ, 2020ರ ಜನಗಣತಿಯಲ್ಲಿ 33.1 ಕೋಟಿ. ಅಲ್ಲಿ ಮನುಷ್ಯರೆಷ್ಟಿದ್ದಾರೋ ಅದಕ್ಕಿಂತ ಎರಡು ಕೋಟಿ ಹೆಚ್ಚು ಹೊಟ್ಟೆಗಳು ಇಲ್ಲಿವೆ.

ನಮಗೆ ಹಿಡಿದ ಗೆರೆ ಬೇರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಏಷ್ಯಾದವರಿಗೆ ಕಡಿಮೆ ಸೊಂಟದಲ್ಲೇ ಕಾಯಿಲೆ ಶುರುವಾಗುತ್ತದೆ ಎಂಬುದು ಅದಕ್ಕೆ ಕಾರಣ. ಎಲ್ಲರದೂ ಗೆರೆಯ ಮೇಲೇ ನಿಂತ ಸೊಂಟ, 80 ಸೆಂಟಿಮೀಟರಿಗೆ ಒಂದು ಎಳೆಯೂ ಹೆಚ್ಚಿಲ್ಲ ಎಂದು ಉದಾರವಾಗಿ ಬಿಟ್ಟುಕೊಟ್ಟರೂ ಬೆಲ್ಟಿನ ಉದ್ದ 2,80,800 ಕಿಲೋಮೀಟರ್. ಭೂಮಿಗೆ ಸರಿಯಾಗಿ ಏಳು ಸುತ್ತು.

ಅದೇ ವರದಿಯ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಡಬೇಕು. ಬಿಎಂಐ ಪ್ರಕಾರ ಸ್ಥೂಲಕಾಯದವರು 25.4 ಕೋಟಿ. 35.1ರಲ್ಲಿ 25.4 ಕಳೆಯಿರಿ. ಕನಿಷ್ಠ 9.7 ಕೋಟಿ ಜನ ತಕ್ಕಡಿಯ ಲೆಕ್ಕದಲ್ಲಿ ಸ್ಥೂಲಕಾಯದವರೇ ಅಲ್ಲ, ಟೇಪಿನ ಲೆಕ್ಕದಲ್ಲಿ ಮಾತ್ರ ಸಿಕ್ಕಿಬೀಳುವವರು. ಕರ್ನಾಟಕದ ಜನಸಂಖ್ಯೆ 2011ರಲ್ಲಿ 6.11 ಕೋಟಿ ಇತ್ತು. ಒಂದೂವರೆ ಕರ್ನಾಟಕದಷ್ಟು ಜನ ಡಾಕ್ಟರ ಶಾಪಿನಲ್ಲಿ ತೂಕದ ಯಂತ್ರ ಹತ್ತಿ, ‘ನಾರ್ಮಲ್ ಇದೆ’ ಎನ್ನಿಸಿಕೊಂಡು ಇಳಿದು ಬರುತ್ತಿದ್ದಾರೆ ಎಂದಾಯಿತು.

ಇಂಥ ಒಬ್ಬರನ್ನು ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ ನಾನು ಹತ್ತಿರದಿಂದ ನೋಡಿದೆ. ಮೂವತ್ತು ದಾಟಿದವರಿಗೆಲ್ಲ ಬಿಪಿ, ಶುಗರ್ ಅಪಾಯದ ಫಾರಂ ತುಂಬಿಸಿಕೊಳ್ಳುತ್ತ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದಿದ್ದರು. ಜಗಲಿಯ ಮೇಲೆ ನಿಂತ ಗೌಡರಿಗೆ ಅರವತ್ತರ ಆಸುಪಾಸು. ಕಬ್ಬಿನ ಜಲ್ಲೆಯಂಥ ಕೈಕಾಲು, ಕೆನ್ನೆ ಒಳಕ್ಕೆ ಹೋಗಿತ್ತು, ಪಂಚೆಯ ಗಂಟಿನ ಮೇಲೆ ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಆಕೆ ಬನಿಯನ್ ಎತ್ತಿಸಿ, ಪಂಚೆ ಸಡಿಲ ಮಾಡಿಸಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಬೆರಳಿಟ್ಟು ಜಾಗ ಹುಡುಕಿ ಟೇಪು ಸುತ್ತಿದರು. ಟೇಪು ಮುಟ್ಟಿದ್ದೇ ತಡ, ಹೊಟ್ಟೆ ಮಾಯ.

‘ಗೌಡ್ರೆ, ಒಳಕ್ ಎಳ್ಕೋಬ್ಯಾಡಿ. ಉಸ್ರು ಬುಡಿ.’

‘ಬುಟ್ಟೇ ಇವ್ನಲ್ಲವ್ವ.’

‘ಪೂರ್ತಿ ಬುಡಿ. ನಾನೇನ್ ಹೆಣ್ ನೋಡಕ್ ಬಂದಿಲ್ಲ.’

ಅಕ್ಕಪಕ್ಕದವರೆಲ್ಲ ನಕ್ಕರು, ಗೌಡರೂ ನಕ್ಕರು, ಉಸಿರು ಹೊರಬಿತ್ತು. 97. ತೂಕ 62 ಕಿಲೋ, ಅದನ್ನು ಅವರು ಎರಡೆರಡು ಸಲ ಹೇಳಿಕೊಂಡರು. ಫಾರಂನಲ್ಲಿ ಗಂಡಸರ ಸೊಂಟ 90ರವರೆಗೆ ಇದ್ದರೆ ಸೊನ್ನೆ ಅಂಕ, 91ರಿಂದ 100ಕ್ಕೆ ಒಂದು, ನೂರು ದಾಟಿದರೆ ಎರಡು. ಹೆಂಗಸರಿಗೆ ಹತ್ತು ಹತ್ತು ಸೆಂಟಿಮೀಟರ್ ಕಡಿಮೆ. ವಯಸ್ಸು, ಬೀಡಿ, ಹೆಂಡ, ನಡಿಗೆ, ಮನೆತನದ ಕಾಯಿಲೆ ಎಲ್ಲ ಸೇರಿ ನಾಲ್ಕು ದಾಟಿದರೆ ತಪಾಸಣೆಗೆ ಮೊದಲು ಕಳಿಸಬೇಕು. ಈ ಫಾರಂ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ತೂಕದ ಕಾಲಮ್ಮು ಅದರ ಅಂಕಗಳಲ್ಲಿ ಇಲ್ಲ. ಸೊಂಟದ್ದು ಇದೆ.

ಆದರೆ ದೇಶದ ಮಟ್ಟದಲ್ಲಿ ಟೇಪು ಕೈಗೆತ್ತಿಕೊಳ್ಳಲು ನಮಗೆ ಬಹಳ ಕಾಲ ಹಿಡಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ತೂಕ, ಎತ್ತರ ನೋಡಲು ಶುರು ಮಾಡಿದ್ದು 1998-99ರಲ್ಲಿ. ಸೊಂಟ ಅಳೆದದ್ದು ಐದನೆಯ ಸುತ್ತಿನಲ್ಲಿ, 2019-21ರಲ್ಲಿ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷ ಬಿಎಂಐ ಏರಿದ್ದು ದಾಖಲಾಗಿದೆ: ಕರ್ನಾಟಕದಲ್ಲಿ ಅಧಿಕ ತೂಕದ ಹೆಂಗಸರು 2015-16ರಲ್ಲಿ ಶೇ. 23 ಇದ್ದವರು ಐದೇ ವರ್ಷದಲ್ಲಿ ಶೇ. 30, ಗಂಡಸರು ಶೇ. 22ರಿಂದ 31. ಆ ಇಪ್ಪತ್ತು ವರ್ಷ ಹೊಟ್ಟೆ ಏನು ಮಾಡುತ್ತಿತ್ತು ಎಂಬುದಕ್ಕೆ ಆ ಸಮೀಕ್ಷೆಯಲ್ಲಿ ಒಂದು ಸಾಲೂ ಇಲ್ಲ.

ಅಳೆದಾಗ ಸಿಕ್ಕಿದ್ದೇನು? ಇಡೀ ದೇಶದಲ್ಲಿ ಹೊಟ್ಟೆಯ ಬೊಜ್ಜಿರುವವರು ಹೆಂಗಸರಲ್ಲಿ ನೂರಕ್ಕೆ ನಲವತ್ತು, ಗಂಡಸರಲ್ಲಿ ಹನ್ನೆರಡು. ಗಂಡಸರಿಗೆ ಇಲ್ಲಿ 94 ಸೆಂಟಿಮೀಟರಿನ ಗೆರೆ ಹಿಡಿದಿದ್ದರಿಂದ ಅವರ ಅಂಕಿ ಸ್ವಲ್ಪ ತಗ್ಗಿದೆ, ನಿಜ. ಅಷ್ಟನ್ನು ಬಿಟ್ಟುಕೊಟ್ಟರೂ ಹೆಂಗಸರ ಅಂಕಿ ತಲೆ ತಿರುಗಿಸುತ್ತದೆ. ಅದೇ ಹೆಂಗಸರಲ್ಲಿ ಬಿಎಂಐ ಪ್ರಕಾರ ಅಧಿಕ ತೂಕದವರು ಶೇ. 23 ಮಾತ್ರ. ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನವರನ್ನಷ್ಟೇ ತೆಗೆದುಕೊಂಡರೆ ಹತ್ತರಲ್ಲಿ ಐದಾರು ಮಂದಿಗೆ ಹೊಟ್ಟೆಯ ಬೊಜ್ಜು. ಒಟ್ಟು ಹೆಂಗಸರ ಲೆಕ್ಕದಲ್ಲಿ ರಾಜ್ಯವಾರು ನೋಡಿದರೆ ಕೇರಳದಲ್ಲಿ ಶೇ. 65, ಪಂಜಾಬಿನಲ್ಲಿ 62, ತಮಿಳುನಾಡಿನಲ್ಲಿ 58, ಜಾರ್ಖಂಡಿನಲ್ಲಿ 24. ಹೆಣ್ಣುಮಕ್ಕಳು ಹೆಚ್ಚು ಓದಿದ, ಬಾಣಂತಿ ಮರಣ ಕಡಿಮೆ ಇರುವ, ಎಲ್ಲ ಪಟ್ಟಿಗಳಲ್ಲೂ ಮೇಲೆ ನಿಲ್ಲುವ ಕೇರಳ ಈ ಪಟ್ಟಿಯಲ್ಲೂ ಮೇಲೆಯೇ ನಿಂತಿದೆ.

ಇಷ್ಟು ದೊಡ್ಡ ಬದಲಾವಣೆ ನಮ್ಮ ಕಣ್ಣಿಗೆ ಬೀಳದಿದ್ದುದಕ್ಕೆ ನನ್ನ ಪ್ರಕಾರ ಅರ್ಧ ಕಾರಣ ನಮ್ಮ ಬಟ್ಟೆ. ಸೀರೆ ಯಾವ ವರ್ಷವೂ ಬಿಗಿಯಾಗುವುದಿಲ್ಲ. ಒಳಲಂಗದ ಲಾಡಿ ಒಂದು ಬೆರಳು ಈಚೆಗೆ ಕಟ್ಟಿದರೆ ಮುಗಿಯಿತು. ನೈಟಿಯಂತೂ ಹಾಕಿದವರ ಅಳತೆಯನ್ನು ಯಾರಿಗೂ ಹೇಳುವುದಿಲ್ಲ. ಪಂಚೆ, ಲುಂಗಿ ಉಟ್ಟವರಿಗೆ ನಂಬರೇ ಇಲ್ಲ. ಪ್ಯಾಂಟು ಹಾಕುವ ಗಂಡಸರು ಇನ್ನೂ ಜಾಣರು. ಹೊಟ್ಟೆ ಬಂದಂತೆ ಪ್ಯಾಂಟನ್ನು ಅದರ ಕೆಳಗೆ ಜಾರಿಸಿ, ‘ಕಾಲೇಜಲ್ಲಿದ್ದಾಗಿನ ಮೂವತ್ನಾಲ್ಕೇ ಈಗಲೂ’ ಎನ್ನುತ್ತಾರೆ. ಮೂವತ್ತನಾಲ್ಕು ಇರುವುದು ಸೊಂಟದ ಮೂಳೆ. ನಾಲ್ಕು ಬೆರಳು ಮೇಲಕ್ಕೆ ಟೇಪು ಹಿಡಿದರೆ ನಲವತ್ತು ದಾಟಿರುತ್ತದೆ.

ಕೈಕಾಲು ಸಣ್ಣ, ಹೊಟ್ಟೆ ದಪ್ಪ ಎಂಬ ಈ ಮೈಕಟ್ಟಿನ ಗುಟ್ಟು ಹುಡುಕಿದವರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಹೆಸರು ದೊಡ್ಡದು. 2004ರಲ್ಲಿ ಅವರು ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ನಿಂತು ತೆಗೆಸಿಕೊಂಡ ಒಂದು ಫೋಟೊ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ತಕ್ಕಡಿಯ ಕಣ್ಣಿಗೆ ಅವಳಿ ಜವಳಿ. ಎಕ್ಸ್‌ರೇ ಸ್ಕ್ಯಾನಿನಲ್ಲಿ ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ 21.2. ವೈದ್ಯಕೀಯ ಪತ್ರಿಕೆಗಳ ಸಾವಿರಾರು ಕೋಷ್ಟಕಗಳು ಹೇಳಲಾರದ್ದನ್ನು ಆ ಒಂದು ಫೋಟೊ ಹೇಳಿತು.

ಇದು ನಡುವಯಸ್ಸಿನಲ್ಲಿ ಶುರುವಾಗುವ ಕಥೆಯೂ ಅಲ್ಲ. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5. ನಮ್ಮ ಕೂಸಿನ ತೋಳು ಸಣ್ಣ, ಹೊಟ್ಟೆಯೊಳಗಿನ ಅಂಗಗಳು ಸಣ್ಣ, ಸ್ನಾಯು ಕಡಿಮೆ. ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಮೈಸೂರಿನಲ್ಲೂ ಇದೇ ಕಂಡಿತು. ಅಲ್ಲಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳ ಬೆನ್ನಿನ ರೆಕ್ಕೆಮೂಳೆಯ ಕೆಳಗೆ ಚರ್ಮ ಹಿಡಿದು ಅಳೆದಾಗ, ಮಿಕ್ಕೆಲ್ಲ ಅಳತೆಗಳಲ್ಲಿ ಹಿಂದಿದ್ದ ಕೂಸುಗಳು ಅಲ್ಲಿನ ಕೊಬ್ಬಿನಲ್ಲಿ ಬಿಳಿಯರ ಮಕ್ಕಳಿಗೆ ಸರಿಸಮವಾಗಿದ್ದವು.

ಅದೇ ಆಸ್ಪತ್ರೆಯಲ್ಲಿ ಇನ್ನೊಂದು ನಿಧಿ ಇತ್ತು. 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷದ ನಂತರ ಆ ಪುಸ್ತಕ ಹಿಡಿದು ಮೈಸೂರಿನ ಬೀದಿಗಳಲ್ಲಿ ಹುಡುಕಿ, ಸಿಕ್ಕ 517 ಜನರ ಹೃದಯ ಪರೀಕ್ಷೆ ಮಾಡಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ತುಂಬುಮೈಯಲ್ಲಿ ಹುಟ್ಟಿದವರಲ್ಲಿ ಶೇ. 3. ಯಾವುದೋ ದಾದಿ ಯಾವುದೋ ಬೆಳಗ್ಗೆ ಮಸಿಯಲ್ಲಿ ಬರೆದ ಒಂದು ಅಂಕಿ ಆರು ದಶಕದ ನಂತರದ ಎದೆನೋವಿನ ಸುಳಿವು ಕೊಟ್ಟಿತು.

ಹೀಗೇಕೆ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ನಮ್ಮ ಹಳೆಯ ಮನೆಗಳನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಅಟ್ಟ ದೊಡ್ಡದಿದ್ದರೆ ಬಂದ ಮೂಟೆಗಳೆಲ್ಲ ಮೇಲೆ ಹೋಗಿ ಕೂರುತ್ತವೆ, ಓಡಾಟಕ್ಕೆ ತೊಂದರೆಯಿಲ್ಲ. ಅಟ್ಟ ಚಿಕ್ಕದಾದರೆ ಮೂಟೆಗಳು ನಡುಮನೆಗೆ, ಆಮೇಲೆ ಅಡುಗೆಮನೆಗೆ. ಚರ್ಮದ ಕೆಳಗಿನ ಕೊಬ್ಬಿನ ಪದರ ನಮಗೆ ಚಿಕ್ಕ ಅಟ್ಟ. ಅದು ಬೇಗ ತುಂಬುತ್ತದೆ. ಮಿಕ್ಕದ್ದು ಕರುಳಿನ ಸುತ್ತ, ಪಿತ್ತಜನಕಾಂಗದ ಒಳಗೆ ಹೋಗಿ ಕೂರುತ್ತದೆ. ಕರುಳಿನ ಸುತ್ತಲ ಕೊಬ್ಬಿನಿಂದ ಹೊರಟ ರಕ್ತ ನೇರವಾಗಿ ಪಿತ್ತಜನಕಾಂಗಕ್ಕೇ ಹೋಗುವುದರಿಂದ, ಅಲ್ಲಿ ಬಿಡುಗಡೆಯಾದ ಕೊಬ್ಬಿನಾಮ್ಲಗಳೆಲ್ಲ ಮೊದಲು ಅದರ ತಲೆಯ ಮೇಲೆ. ಇನ್ಸುಲಿನ್ನಿನ ಮಾತು ದೇಹ ಕೇಳದಂತಾಗುವುದು ಅಲ್ಲಿಂದ.

ಅಟ್ಟ ಚಿಕ್ಕದು, ಸರಿ. ಮೂಟೆ ಎಲ್ಲಿಂದ ಬಂತು? ನೀತಿ ಆಯೋಗದ 2024ರ ವರದಿಯ ಪ್ರಕಾರ ಸರಾಸರಿ ಭಾರತೀಯ ವರ್ಷಕ್ಕೆ 19.7 ಕಿಲೋ ಅಡುಗೆ ಎಣ್ಣೆ ತಿನ್ನುತ್ತಾನೆ. ನಾಲ್ಕು ಜನರ ಮನೆಗೆ ಹದಿನೈದು ಕಿಲೋದ ಐದು ಡಬ್ಬ. ದಿನಕ್ಕೆ ತಲೆಗೆ 54 ಗ್ರಾಂ, ಅದರಿಂದಲೇ ಸುಮಾರು 485 ಕ್ಯಾಲೊರಿ, ಇನ್ನೂ ಅನ್ನ ಸಾರು ತಟ್ಟೆಗೆ ಬಂದೇ ಇಲ್ಲ. ಅತ್ತ ಕಾಲುಗಳು ನಿಂತಿವೆ. ಸಾಕಷ್ಟು ಮೈ ಬಗ್ಗಿಸದ ಭಾರತೀಯ ವಯಸ್ಕರು 2000ದಲ್ಲಿ ಶೇ. 22, 2022ಕ್ಕೆ ಶೇ. 49. ಹೆಂಗಸರಲ್ಲಿ 57. ಬಾವಿ ಸೇದುವುದು, ರುಬ್ಬುವುದು, ಬಟ್ಟೆ ಒಗೆಯುವುದು ಎಲ್ಲ ಯಂತ್ರದ ಪಾಲಾಯಿತು. ಹಾಗೆ ಉಳಿದ ಬಿಡುವಿನಲ್ಲಿ ಹೆಣ್ಣುಮಗಳು ಒಬ್ಬಳೇ ರಸ್ತೆಯಲ್ಲಿ ಬೀಸುಗಾಲು ಹಾಕಿ ನಡೆದರೆ ನೋಡುವವರು ಸುಮ್ಮನಿರುವ ಊರುಗಳು ಎಷ್ಟಿವೆ? ಯಂತ್ರವನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒರಳು ಕಲ್ಲು ತಿರುಗಿಸಿ ಯಾರೂ ಸುಖಪಟ್ಟಿರಲಿಲ್ಲ.

ಹೆಚ್ಚಾಗುವುದಕ್ಕೆ ಬೇಕಾದದ್ದು ಎಷ್ಟು ಕಡಿಮೆ ಎಂಬುದೂ ಒಂದು ವಿಸ್ಮಯವೇ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ ದಿನಕ್ಕೆ 24 ಕ್ಯಾಲೊರಿ ಖಾಯಮ್ಮಾಗಿ ಹೆಚ್ಚಾದರೆ ಕೊನೆಗೆ ಒಂದು ಕಿಲೋ ತೂಕ ಏರಿ ನಿಲ್ಲುತ್ತದೆ, ಅರ್ಧ ಮೊದಲ ವರ್ಷದಲ್ಲೇ. 24 ಕ್ಯಾಲೊರಿ ಎಂದರೆ ಒಂದೂವರೆ ಟೀ ಚಮಚ ಸಕ್ಕರೆ. ನಮ್ಮ ಹೋಟೆಲುಗಳಲ್ಲಿ ‘ಸಕ್ಕರೆ ಕಮ್ಮಿ’ ಎಂದು ಹೇಳಿ ಕುಡಿಯುವ ಚಹಾದಲ್ಲೂ ಇದಕ್ಕಿಂತ ಹೆಚ್ಚಿರುತ್ತದೆ.

ಹಾಗಿದ್ದರೆ ಅಕ್ಕಿ ಬಿಟ್ಟು ಮುದ್ದೆಗೆ ಬರುವುದೇ ದಾರಿ ಎಂದು ಹಳೆಯ ಮೈಸೂರಿನವರು ಮೀಸೆ ತಿರುವಬಹುದು. 2025ರಲ್ಲಿ ಅದೇ ಚೆನ್ನೈ ತಂಡ ದೇಶದ ಊಟದ ತಟ್ಟೆಯ ಲೆಕ್ಕ ಕೊಟ್ಟಿತು. ನಮ್ಮ ಕ್ಯಾಲೊರಿಯಲ್ಲಿ ಶೇ. 62 ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಒಟ್ಟು ಪಿಷ್ಟ ಇಳಿಸದೆ ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಂದರೆ ಸಕ್ಕರೆ ಕಾಯಿಲೆಯ, ಹೊಟ್ಟೆಯ ಬೊಜ್ಜಿನ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಜೊತೆಗೆ ಹೆಚ್ಚು ಕಾಳು ಎಂದರೆ ಬೇರೆ ಮಾತು.

ಒಂದು ದೇಶ ಕಾನೂನು ಮಾಡಿ ಹೊಟ್ಟೆಯ ಮೇಲೆ ಯುದ್ಧ ಸಾರಿದೆ: ಜಪಾನ್. 2008ರ ಏಪ್ರಿಲಿನಿಂದ ಅಲ್ಲಿ ನಲವತ್ತರಿಂದ ಎಪ್ಪತ್ತನಾಲ್ಕು ವಯಸ್ಸಿನವರ ಸೊಂಟವನ್ನು ವರ್ಷಕ್ಕೊಮ್ಮೆ ಅಳೆಯಬೇಕು. ಸುಮಾರು 5.6 ಕೋಟಿ ಜನ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಹೆಂಗಸರಿಗೆ ಹೆಚ್ಚು ಬಿಟ್ಟ ದೇಶ ಇದೊಂದೇ ಇರಬೇಕು. ಸ್ಕ್ಯಾನಿನಲ್ಲಿ ಹೊಟ್ಟೆಯ ಒಳಗಿನ ಕೊಬ್ಬು ನೂರು ಚದರ ಸೆಂಟಿಮೀಟರ್ ಆಗುವ ಹಂತಕ್ಕೆ ಸರಿಹೊಂದಿಸಿ ಇಟ್ಟ ಗೆರೆ ಅದು. ಹೆಂಗಸರಲ್ಲಿ ಚರ್ಮದ ಕೆಳಗಿನ ಕೊಬ್ಬು ಹೆಚ್ಚಿರುವುದರಿಂದ ಗೆರೆ ಹೊರಗೆ ಸರಿಯಿತು. ನೂರೈವತ್ತು ಕಿಲೋದ ಸುಮೋ ಪೈಲ್ವಾನರು ಅಖಾಡದಲ್ಲಿ ಇರುವವರೆಗೆ ಒಳಗಿನ ಕೊಬ್ಬು ಹೆಚ್ಚಿಸಿಕೊಳ್ಳದೆ ಉಳಿಯುತ್ತಾರೆ ಎಂದು ಪತ್ತೆ ಮಾಡಿದ್ದೂ ಆ ದೇಶದ ವೈದ್ಯರೇ. ಗೆರೆ ದಾಟಿದವರಿಗೆ ತಜ್ಞರಿಂದ ತಿಳಿವಳಿಕೆ, ಗುರಿ ಮುಟ್ಟದ ವಿಮಾ ಸಂಸ್ಥೆಗಳಿಗೆ ದಂಡ.

ಫಲ ಏನಾಯಿತು ಎಂದು ನೋಡಲು ಸಂಶೋಧಕರು ಜಾಣ ಉಪಾಯ ಮಾಡಿದರು. 85ಕ್ಕೆ ಕೂದಲೆಳೆಯಷ್ಟು ಕೆಳಗಿದ್ದು ತಪ್ಪಿಸಿಕೊಂಡವರು, ಕೂದಲೆಳೆಯಷ್ಟು ಮೇಲಿದ್ದು ಸಿಕ್ಕಿಬಿದ್ದವರು ಮಿಕ್ಕೆಲ್ಲದರಲ್ಲೂ ಒಂದೇ ಥರದ ಜನ. ಅವರನ್ನು ಹೋಲಿಸಿದರೆ ಸಾಕು. ಸುಮಾರು 75 ಸಾವಿರ ಗಂಡಸರ ಲೆಕ್ಕ 2020ರಲ್ಲಿ ಬಂತು. ಒಂದು ವರ್ಷದ ನಂತರ ತೂಕದಲ್ಲಿ ಇಳಿದದ್ದು 290 ಗ್ರಾಂ, ಸೊಂಟದಲ್ಲಿ 3.4 ಮಿಲಿಮೀಟರ್. ಮೂರು ನಾಲ್ಕು ವರ್ಷಕ್ಕೆ ಅದೂ ಉಳಿಯಲಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಶಿಸ್ತಿಗೆ ಹೆಸರಾದ ದೇಶ, ಕಾನೂನಿನ ಬಲ, ಪ್ರತಿ ವರ್ಷ ತಪ್ಪದ ಟೇಪು, ಎಲ್ಲ ಸೇರಿ ಆದದ್ದು ಇಷ್ಟು.

ಜಪಾನಿನ ಆ ಮೊದಲ ವರ್ಷದ ಯಶಸ್ಸು ನಮ್ಮ 35.1 ಕೋಟಿ ಮಂದಿಯಲ್ಲಿ ಒಬ್ಬರನ್ನೂ ಬಿಡದೆ ಎಲ್ಲರಿಗೂ ಸಿಕ್ಕಿತು ಎಂದಿಟ್ಟುಕೊಳ್ಳಿ. ಆ 2,80,800 ಕಿಲೋಮೀಟರಿನ ಬೆಲ್ಟಿನಿಂದ 1,190 ಕಿಲೋಮೀಟರ್ ಕತ್ತರಿಸಿ ತೆಗೆಯಬಹುದು. ಬೆಂಗಳೂರಿನಿಂದ ಮುಂಬೈಗೆ ಹೋಗಿ, ಅಲ್ಲಿಂದಾಚೆ ಇನ್ನೂ ಇನ್ನೂರು ಕಿಲೋಮೀಟರ್ ಹಾಸಬಹುದಾದ ಬೆಲ್ಟು ಅದು. ಉಳಿಯುವುದು 2,79,600 ಕಿಲೋಮೀಟರ್.